ಗ್ಯಾಸ್ ಹೋಗಿದೆ ಎನ್ನುವ ಮೊದಲು: ಉತ್ತರ ಕನ್ನಡದ ಮನೆಗಳಲ್ಲಿ ಫ್ರಿಜ್ ದೋಷ ಪತ್ತೆ

ಮಾಜಾಳಿಯಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ, ಫ್ರಿಜ್ ತಣ್ಣಗಾಗುತ್ತಿಲ್ಲ ಎಂದಾಕ್ಷಣ ಮನೆಯವರ ಬಾಯಿಂದ ಬರುವ ಮೊದಲ ಮಾತು ‘ಗ್ಯಾಸ್ ಹೋಗಿರಬೇಕು’ ಎಂಬುದು. ರಿಪೇರಿಗೆ ಬಂದವರೂ ಹಲವೊಮ್ಮೆ ಅದನ್ನೇ ಒಪ್ಪಿಕೊಂಡು, ಗ್ಯಾಸ್ ತುಂಬಿಸಿ, ಹಣ ಪಡೆದು ಹೋಗುತ್ತಾರೆ. ಎರಡು ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಪಾಡು. ಫ್ರಿಜ್ಜಿನ ಗ್ಯಾಸ್ ಒಲೆಯ ಸಿಲಿಂಡರಿನ ಅನಿಲದಂತೆ ಬಳಸಿದಷ್ಟೂ ಮುಗಿಯುವ ವಸ್ತುವಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳೊಳಗೆ ಅದು ಆವಿಯಾಗಿ, ದ್ರವವಾಗಿ, ಮತ್ತೆ ಆವಿಯಾಗಿ ಸುತ್ತುತ್ತಲೇ ಇರುತ್ತದೆ. ಎಲ್ಲಿಯಾದರೂ ತೂತು ಬೀಳದೆ ಅದು ಕಡಿಮೆಯಾಗುವುದಿಲ್ಲ. ನಾನು ಬಿಚ್ಚಿ ನೋಡಿದ ಫ್ರಿಜ್ಜುಗಳಲ್ಲಿ ಹೆಚ್ಚಿನವುಗಳ ದೋಷ ಕರೆಂಟಿನಲ್ಲಿ, ಬಾಗಿಲಲ್ಲಿ ಅಥವಾ ತೇವದಲ್ಲಿ ಇತ್ತು. ಆದ್ದರಿಂದ ಈ ಬರಹದಲ್ಲಿ ಗ್ಯಾಸಿನ ವಿಚಾರವನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ.

ಕೈಗೆ ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ಮಲ್ಟಿಮೀಟರ್, ಸ್ಕ್ರೂಡ್ರೈವರ್, ಟಾರ್ಚು ಮತ್ತು ಒಂದು ಸಾದಾ ಥರ್ಮಾಮೀಟರ್ ಇದ್ದರೆ ಸಾಕು. ಹಿಂಬದಿಯ ಯಾವುದೇ ಮುಚ್ಚಳ ತೆಗೆಯುವ ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು, ಏಕೆಂದರೆ ಹಳೆಯ ವೈರಿಂಗಿನಲ್ಲಿ ಸ್ವಿಚ್ಚು ನ್ಯೂಟ್ರಲ್ ತಂತಿಯನ್ನು ಕಡಿಯುವಂತೆ ಜೋಡಿಸಿರುವುದು ಅಪರೂಪವಲ್ಲ. ಕಂಪ್ರೆಸರ್ ಎಂದರೆ ಗ್ಯಾಸನ್ನು ಒತ್ತಿ ಕೊಳವೆಗಳಲ್ಲಿ ಸುತ್ತಿಸುವ ಮೋಟಾರು. ಅದರ ವೇಗವನ್ನು ಬೋರ್ಡಿನಿಂದ ಹೆಚ್ಚುಕಡಿಮೆ ಮಾಡುವ ಇನ್ವರ್ಟರ್ ಕಂಪ್ರೆಸರ್ ಇರುವ ಹೊಸ ಫ್ರಿಜ್ಜಾದರೆ ಪ್ಲಗ್ ಕಿತ್ತ ಮೇಲೂ ಬೋರ್ಡಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಹತ್ತು ನಿಮಿಷ ಬಿಟ್ಟೇ ಕೈ ಹಾಕಬೇಕು. ಮಳೆಗಾಲದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಈ ಕೆಲಸ ಮಾಡಬಾರದು.

ಎಲ್ಲಕ್ಕಿಂತ ಮೊದಲು, ದೋಷ ನಿಜವಾಗಿಯೂ ಇದೆಯೇ ಎಂದು ಅಳೆಯಬೇಕು. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಅದ್ದಿ, ಫ್ರಿಜ್ಜಿನ ನಡುವಿನ ತಟ್ಟೆಯ ಮೇಲೆ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನೋಡಬೇಕು. 2ರಿಂದ 5 ಡಿಗ್ರಿ ಸೆಲ್ಸಿಯಸ್ ಇದ್ದರೆ ಕೆಳಗಿನ ಭಾಗ ಸರಿಯಾಗಿದೆ. ಎರಡು ಬಾಗಿಲಿನ ಫ್ರಿಜ್ಜಿನಲ್ಲಿ ಫ್ರೀಜರ್ ಮೈನಸ್ 18ರ ಆಸುಪಾಸಿನಲ್ಲಿರಬೇಕು. ಗಾಳಿಯ ತಾಪಮಾನ ಬಾಗಿಲು ತೆರೆದ ಕ್ಷಣದಲ್ಲೇ ಏರುವುದರಿಂದ ನೀರಿನಲ್ಲಿ ಅಳೆಯುವುದೇ ನಂಬಲರ್ಹ. ಮೇ ಕೊನೆಯ ವಾರದಲ್ಲಿ ‘ಕೂಲಿಂಗ್ ಇಲ್ಲ’ ಎಂಬ ದೂರು ಕರಾವಳಿಯಲ್ಲಿ ಹೆಚ್ಚುವುದಕ್ಕೆ ಬೇರೆಯೇ ಕಾರಣವಿದೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬಂಗಡೆ, ಇಸ್ವಾಣ, ಸಿಗಡಿಗಳನ್ನು ಕಿಲೋಗಟ್ಟಲೆ ತಂದು ಫ್ರೀಜರಿಗೆ ತುರುಕುತ್ತಾರೆ. ಅಷ್ಟನ್ನೂ ಒಮ್ಮೆಗೇ ಹೆಪ್ಪುಗಟ್ಟಿಸಲು ಯಂತ್ರಕ್ಕೆ ಒಂದೂವರೆ ದಿನವೇ ಬೇಕಾದೀತು. ಅದನ್ನು ಕೆಟ್ಟಿದೆ ಎನ್ನಲಾಗದು.

ಕರೆಂಟಿನ ಕಡೆಯ ದೋಷಗಳು

ಬಾಗಿಲು ತೆರೆದಾಗ ಒಳಗಿನ ದೀಪವೂ ಹತ್ತದಿದ್ದರೆ ಪ್ಲಗ್ ಪಾಯಿಂಟಿನಲ್ಲಿ ಕರೆಂಟು ಇದೆಯೇ ಎಂದು ಮೊದಲು ನೋಡಬೇಕು. ಸಮುದ್ರದ ದಂಡೆಗೆ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ಸಾಕೆಟ್ಟಿನ ಒಳಗಿನ ಹಿತ್ತಾಳೆ ಪಟ್ಟಿಗಳು ಹಸಿರುಗಟ್ಟಿ ಸಡಿಲವಾಗುತ್ತವೆ. ಮೊಬೈಲ್ ಚಾರ್ಜರಿಗೆ ಅದು ಸಾಕಾಗುತ್ತದೆ, ಕಂಪ್ರೆಸರ್ ಎದ್ದೇಳುವಾಗ ಎಳೆಯುವ ಹೆಚ್ಚಿನ ಕರೆಂಟಿಗೆ ಸಾಲುವುದಿಲ್ಲ. ಪ್ಲಗ್ಗಿನ ಪಿನ್ನು ಬಿಸಿಯಾಗುತ್ತಿದ್ದರೆ ಅಥವಾ ಅದರ ಬುಡ ಕಂದು ಬಣ್ಣಕ್ಕೆ ತಿರುಗಿದ್ದರೆ ಸಾಕೆಟ್ಟನ್ನೇ ಬದಲಿಸಬೇಕು. ಫ್ರಿಜ್ಜಿಗೆ ಎಕ್ಸ್‌ಟೆನ್ಷನ್ ಬೋರ್ಡು ಕೂಡದು.

ದೀಪ ಹತ್ತುತ್ತದೆ, ಆದರೆ ಹಿಂಬದಿಯಲ್ಲಿ ಕೆಲವು ನಿಮಿಷಕ್ಕೊಮ್ಮೆ ‘ಟಕ್’ ಎಂದು ಸದ್ದಾಗಿ, ಕೆಲವು ಸೆಕೆಂಡು ಗುಂಯ್‌ಗುಟ್ಟಿ, ಮತ್ತೆ ‘ಟಕ್’ ಎಂದು ನಿಲ್ಲುತ್ತದೆ ಎನ್ನುವುದು ನಮ್ಮ ಜಿಲ್ಲೆಯಲ್ಲಿ ನಾನು ಅತಿ ಹೆಚ್ಚು ಕೇಳಿರುವ ದೂರು. ಇದರ ಅರ್ಥ ಕಂಪ್ರೆಸರ್ ಏಳಲು ಯತ್ನಿಸುತ್ತಿದೆ, ಏಳಲಾಗದೆ ಬಿಸಿಯಾಗುತ್ತಿದೆ, ಅದರ ಪಕ್ಕದಲ್ಲಿ ಕೂತಿರುವ ಓವರ್‌ಲೋಡ್ ಪ್ರೊಟೆಕ್ಟರ್ ಅದನ್ನು ಸುಟ್ಟುಹೋಗದಂತೆ ಕಡಿಯುತ್ತಿದೆ. ಏಳಲಾಗದಿರುವುದಕ್ಕೆ ಮೂರು ಕಾರಣಗಳಿರಬಹುದು: ವೋಲ್ಟೇಜ್ ಸಾಲದಿರುವುದು, ಕಂಪ್ರೆಸರನ್ನು ಎಬ್ಬಿಸಿಕೊಡುವ ರಿಲೇ ಕೆಟ್ಟಿರುವುದು, ಕಂಪ್ರೆಸರೇ ಜಾಮ್ ಆಗಿರುವುದು ಅಥವಾ ಸುಟ್ಟಿರುವುದು. ಪರೀಕ್ಷೆಯನ್ನು ಇದೇ ಕ್ರಮದಲ್ಲಿ ಮಾಡಬೇಕು, ಏಕೆಂದರೆ ಖರ್ಚೂ ಇದೇ ಕ್ರಮದಲ್ಲಿ ಏರುತ್ತದೆ.

ಶಿರಸಿ ತಾಲೂಕಿನ ಒಂದು ತೋಟದ ಮನೆಯಲ್ಲಿ ನಾನು ಮಧ್ಯಾಹ್ನ ಹೋದಾಗಲೆಲ್ಲ ಫ್ರಿಜ್ ಸರಿಯಾಗಿ ಓಡುತ್ತಿತ್ತು. ಸಂಜೆ ಮನೆಯವರು ಫೋನು ಮಾಡಿ ‘ಮತ್ತೆ ಟಕ್ ಟಕ್ ಶುರುವಾತು’ ಎನ್ನುತ್ತಿದ್ದರು. ಮೂರನೆಯ ಸಲ ಬೇಕೆಂದೇ ಸಂಜೆ ಏಳಕ್ಕೆ ಹೋಗಿ ಮೀಟರ್ ಇಟ್ಟಾಗ ಸಾಕೆಟ್ಟಿನಲ್ಲಿದ್ದದ್ದು 165 ವೋಲ್ಟ್. ಟ್ರಾನ್ಸ್‌ಫಾರ್ಮರಿನಿಂದ ಬಹುದೂರ ಎಳೆದ ತಂತಿ, ಅದೇ ಹೊತ್ತಿಗೆ ಅಕ್ಕಪಕ್ಕದ ತೋಟಗಳ ಪಂಪು, ಎಲ್ಲ ಮನೆಗಳ ಮಿಕ್ಸರ್ ಮತ್ತು ದೀಪ. ಸಾಮಾನ್ಯ ಕಂಪ್ರೆಸರಿಗೆ 230 ವೋಲ್ಟ್ ಸಹಜವಾದದ್ದು, 180ಕ್ಕಿಂತ ಕೆಳಗೆ ಅದು ಏಳುವ ಭರವಸೆ ಇಲ್ಲ. ಆದ್ದರಿಂದ ವೋಲ್ಟೇಜನ್ನು ದೂರು ಬರುವ ಹೊತ್ತಿನಲ್ಲಿಯೇ, ಕಂಪ್ರೆಸರ್ ಏಳಲು ಯತ್ನಿಸುವ ಕ್ಷಣದಲ್ಲಿಯೇ ಅಳೆಯಬೇಕು. ನಿಂತಿರುವಾಗ 210 ತೋರಿಸಿ, ಏಳುವಾಗ 160ಕ್ಕೆ ಕುಸಿದರೆ ದೋಷ ತಂತಿಯಲ್ಲಿ ಅಥವಾ ಜೋಡಣೆಯಲ್ಲಿದೆ. ಕಡಿಮೆ ವೋಲ್ಟೇಜಿನ ಊರಾದರೆ ಸ್ಟೆಬಿಲೈಜರ್ ಬೇಕೇ ಬೇಕು. ಕೊಳ್ಳುವಾಗ ಅದು ಎಷ್ಟು ಕೆಳಗಿನ ವೋಲ್ಟೇಜಿನವರೆಗೆ ಕೆಲಸ ಮಾಡುತ್ತದೆ ಎಂಬುದನ್ನು ಡಬ್ಬಿಯ ಮೇಲೆ ಓದಿ ನೋಡಬೇಕು. 170ರಿಂದ ಮೇಲೆ ಎಂದು ಬರೆದದ್ದು ಈ ಮನೆಗೆ ಉಪಯೋಗವಿಲ್ಲದ ವಸ್ತು. ಕರೆಂಟು ಹೋಗಿ ತಕ್ಷಣ ಬಂದಾಗ ಮೂರು ನಿಮಿಷ ತಡೆದು ಕೊಡುವ ವ್ಯವಸ್ಥೆಯೂ ಅದರಲ್ಲಿರಬೇಕು. ಕಂಪ್ರೆಸರ್ ನಿಂತ ಕೂಡಲೇ ಅದರ ಎರಡೂ ಬದಿಯ ಒತ್ತಡ ಸಮವಾಗಿರುವುದಿಲ್ಲ. ಸಮವಾಗಲು ಮೂರರಿಂದ ಐದು ನಿಮಿಷ ಬೇಕು, ಅಷ್ಟರೊಳಗೆ ಎಬ್ಬಿಸಿದರೆ ಅದು ಏಳುವುದಿಲ್ಲ. ಮಳೆಗಾಲದ ರಾತ್ರಿ ಕರೆಂಟು ಹತ್ತು ಸಲ ಹೋಗಿ ಬರುವಾಗ ಪ್ಲಗ್ ಕಿತ್ತಿಡುವ ಹಿರಿಯರ ರೂಢಿ ಸುಮ್ಮನೆ ಬಂದದ್ದಲ್ಲ. ಗುಡುಗು ಮಿಂಚಿಗೂ ಅದೊಂದೇ ನಿಜವಾದ ರಕ್ಷಣೆ.

ವೋಲ್ಟೇಜ್ ಸರಿಯಿದ್ದರೆ ರಿಲೇಯನ್ನು ನೋಡಬೇಕು. ಕಂಪ್ರೆಸರಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಮೂರು ಪಿನ್ನುಗಳ ಮೇಲೆ ರಿಲೇಯೂ ಓವರ್‌ಲೋಡೂ ಕೂತಿರುತ್ತವೆ. ಬಿಸಿಯಾದಾಗ ಕರೆಂಟು ತಡೆಯುವ ಬಿಲ್ಲೆಯಿರುವ ಈಗಿನ ಪಿಟಿಸಿ ರಿಲೇಯನ್ನು ಕಿತ್ತು ಕಿವಿಯ ಹತ್ತಿರ ಅಲುಗಾಡಿಸಿದಾಗ ಒಳಗೆ ಚೂರು ಗಲಗಲ ಎಂದರೆ ಅದರ ಬಿಲ್ಲೆ ಒಡೆದಿದೆ. ಸದ್ದಿಲ್ಲದಿದ್ದರೆ ತಣ್ಣಗಿರುವಾಗ ಓಮ್ ಅಳೆಯಬೇಕು; ಕೆಲವೇ ಹತ್ತು ಓಮ್ ತೋರಿಸಿದರೆ ಸರಿ, ಏನೂ ತೋರಿಸದಿದ್ದರೆ ಕೆಟ್ಟಿದೆ. ಓವರ್‌ಲೋಡ್ ತಣ್ಣಗಿರುವಾಗ ಸೊನ್ನೆಯ ಹತ್ತಿರ ತೋರಿಸಬೇಕು. ಈ ಎರಡೂ ಅಗ್ಗದ ಭಾಗಗಳು. ಕಂಪ್ರೆಸರ್ ಮೇಲಿನ ಚೀಟಿಯಲ್ಲಿರುವ ಮಾದರಿ ಸಂಖ್ಯೆ ಹೇಳಿ ಅದಕ್ಕೆ ಹೊಂದುವುದನ್ನೇ ತರಬೇಕು. ಈ ಡಬ್ಬಿ ಬೆಚ್ಚಗಿರುವುದರಿಂದ ಮಳೆಗಾಲದಲ್ಲಿ ಹಲ್ಲಿಗಳು ಒಳಸೇರುತ್ತವೆ. ಪಿನ್ನುಗಳ ನಡುವೆ ಸುಟ್ಟ ಹಲ್ಲಿಯನ್ನು ತೆಗೆದು ಒರೆಸಿದ್ದೇ ಇಡೀ ರಿಪೇರಿಯಾದ ಉದಾಹರಣೆಗಳು ನನ್ನ ಬಳಿ ಒಂದಕ್ಕಿಂತ ಹೆಚ್ಚಿವೆ.

ರಿಲೇ ತೆಗೆದಾಗ ಕಾಣುವ ಮೂರು ಪಿನ್ನುಗಳಿಂದ ಕಂಪ್ರೆಸರಿನ ಆರೋಗ್ಯ ತಿಳಿಯುತ್ತದೆ. ಕಾಮನ್, ಸ್ಟಾರ್ಟ್, ರನ್ ಎಂಬ ಈ ಪಿನ್ನುಗಳಲ್ಲಿ ಸ್ಟಾರ್ಟ್ ಮತ್ತು ರನ್ ನಡುವಿನ ಓಮ್, ಉಳಿದೆರಡು ಅಳತೆಗಳ ಮೊತ್ತಕ್ಕೆ ಸಮವಾಗಿರಬೇಕು. ಕಾಮನ್‌ನಿಂದ ರನ್‌ಗೆ 12, ಕಾಮನ್‌ನಿಂದ ಸ್ಟಾರ್ಟ್‌ಗೆ 20 ಇದ್ದರೆ ಸ್ಟಾರ್ಟ್‌ನಿಂದ ರನ್‌ಗೆ 32 ಬರಬೇಕು. ಲೆಕ್ಕ ತಾಳೆಯಾಗದಿದ್ದರೆ ಅಥವಾ ಯಾವುದೇ ಪಿನ್ನಿನಿಂದ ಬಣ್ಣ ಕೆರೆದ ತಾಮ್ರದ ಕೊಳವೆಗೆ ಓಮ್ ತೋರಿಸಿದರೆ ಕಂಪ್ರೆಸರ್ ಹೋಯಿತು. ಇನ್ವರ್ಟರ್ ಕಂಪ್ರೆಸರಿನಲ್ಲಿ ಲೆಕ್ಕ ಬೇರೆ: ಮೂರು ಅಳತೆಗಳೂ ಒಂದೇ ಆಗಿರಬೇಕು. ಅದಕ್ಕೆ ಗೋಡೆಯ ಕರೆಂಟನ್ನು ನೇರವಾಗಿ ಕೊಟ್ಟು ‘ಓಡುತ್ತದೆಯೇ ನೋಡೋಣ’ ಎನ್ನುವವರನ್ನು ಬಾಗಿಲಿಂದಲೇ ಹಿಂದೆ ಕಳಿಸಬೇಕು. ಆ ಪರೀಕ್ಷೆಯಲ್ಲಿ ಸರಿಯಿದ್ದ ಕಂಪ್ರೆಸರೂ ಸುಟ್ಟುಹೋಗುತ್ತದೆ.

ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬ ದೂರನ್ನು ಮಾತ್ರ ಒಂದು ಗಂಟೆಯೂ ಮುಂದೂಡಬಾರದು. ಪ್ಲಗ್ ಕಿತ್ತು, ಮನೆಯ ಅರ್ತಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ಪರೀಕ್ಷಿಸಬೇಕು. ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುವುದರಿಂದ ಮಳೆಗಾಲದಲ್ಲಿ ಸರಿಯಿದ್ದ ಅರ್ತಿಂಗ್ ಏಪ್ರಿಲ್ ಹೊತ್ತಿಗೆ ಕೆಲಸ ಮಾಡದಿರಬಹುದು. ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿಸುವುದು ಫ್ರಿಜ್ಜಿಗಿಂತ ಮನೆಯವರಿಗಾಗಿ.

ಬಾಗಿಲು, ಬೆವರು, ನೀರು

ಜೂನ್ ಬಂದಿತೆಂದರೆ ಫ್ರಿಜ್ಜಿನ ಬಾಗಿಲ ಹೊರಮೈಯಲ್ಲಿ ನೀರಿನ ಹನಿ ಸಾಲುಗಟ್ಟುತ್ತದೆ. ಮನೆಯವರು ಇದನ್ನು ಸೋರಿಕೆ ಎಂದುಕೊಳ್ಳುತ್ತಾರೆ. ಕೋಣೆಯಲ್ಲಿ 27 ಡಿಗ್ರಿ ಸೆಖೆಯೂ ಶೇಕಡ 90ರಷ್ಟು ತೇವವೂ ಇದ್ದಾಗ ಗಾಳಿಯಲ್ಲಿನ ಆವಿ ಸುಮಾರು 25 ಡಿಗ್ರಿಯ ಮೇಲ್ಮೈ ಸಿಕ್ಕರೂ ನೀರಾಗಿಬಿಡುತ್ತದೆ. ಅಂದರೆ ಬಾಗಿಲು ಕೋಣೆಗಿಂತ ಎರಡೇ ಡಿಗ್ರಿ ತಂಪಾಗಿದ್ದರೂ ಬೆವರುತ್ತದೆ. ಇಡೀ ಬಾಗಿಲು ಸಮವಾಗಿ ಬೆವರಿದರೆ ಅದು ಹವೆಯ ಗುಣ, ಒರೆಸಿದರೆ ಸಾಕು. ಒಂದು ಮೂಲೆಯಲ್ಲಿ ಮಾತ್ರ, ಅದೂ ಅಂಚಿನಲ್ಲಿ ಬೆವರಿದರೆ ಅಲ್ಲಿ ರಬ್ಬರ್ ಸರಿಯಾಗಿ ಕೂರುತ್ತಿಲ್ಲ. ಫ್ರಿಜ್ಜಿನ ಎರಡು ಪಕ್ಕದ ಗೋಡೆಗಳು ಬಿಸಿಯಾಗಿರುವುದನ್ನು ಕಂಡು ಹೆದರುವವರೂ ಇದ್ದಾರೆ. ಹೊಸ ಮಾದರಿಗಳಲ್ಲಿ ಶಾಖ ಬಿಡುವ ಕಂಡೆನ್ಸರ್ ಕೊಳವೆ ಆ ಗೋಡೆಗಳ ಒಳಗೇ ಇರುವುದರಿಂದ ಅದು ಸಹಜ. ಪಕ್ಕಕ್ಕೂ ಹಿಂದಕ್ಕೂ ನಾಲ್ಕು ಬೆರಳಷ್ಟಾದರೂ ಜಾಗ ಬಿಟ್ಟಿರಬೇಕು.

ರಬ್ಬರನ್ನು ಪರೀಕ್ಷಿಸಲು ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಬೇಕು. ಹಿಡಿತವಿಲ್ಲದೆ ಜಾರಿ ಬಂದ ಕಡೆ ದೋಷವಿದೆ. ಸುತ್ತಲೂ ಹೀಗೆ ನೋಡಬೇಕು, ಬಿಜಾಗರಿಯ ಬದಿಯನ್ನು ಬಿಡಬಾರದು. ನಮ್ಮಲ್ಲಿ ರಬ್ಬರಿನ ಮಡಿಕೆಯಲ್ಲಿ ಕಪ್ಪು ಬೂಸ್ಟು ಬೆಳೆದು ಅದು ಗಟ್ಟಿಯಾಗುವುದೇ ಹೆಚ್ಚು. ಸಾಬೂನು ಬೆರೆಸಿದ ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ ಅದ್ದಿ ಮಡಿಕೆಯನ್ನು ತೊಳೆದು, ಒಣ ಬಟ್ಟೆಯಿಂದ ಒರೆಸಿ, ಸೊಟ್ಟಗಾದ ಕಡೆ ಕೂದಲು ಒಣಗಿಸುವ ಡ್ರೈಯರಿನ ಬಿಸಿ ಗಾಳಿ ಹಾಯಿಸಿ, ಬಾಗಿಲು ಮುಚ್ಚಿ ತಣಿಯಲು ಬಿಟ್ಟರೆ ಅರ್ಧಕ್ಕರ್ಧ ರಬ್ಬರುಗಳು ಮತ್ತೆ ಕೂರುತ್ತವೆ. ತೆಂಗಿನೆಣ್ಣೆ ಸವರಬಾರದು. ಎಲ್ಲದಕ್ಕೂ ತೆಂಗಿನೆಣ್ಣೆ ಹಚ್ಚುವ ಊರಿನಲ್ಲಿ ಇದನ್ನು ಹೇಳುವುದು ಕಷ್ಟ. ಆದರೆ ಅದು 24 ಡಿಗ್ರಿಗೇ ಹೆಪ್ಪುಗಟ್ಟಿ ಧೂಳು ಹಿಡಿಯುತ್ತದೆ, ಇರುವೆಯನ್ನೂ ಕರೆಯುತ್ತದೆ.

ತರಕಾರಿ ಡಬ್ಬಿಯ ಕೆಳಗೆ ನೀರು ನಿಲ್ಲುತ್ತಿದ್ದರೆ ಒಳಗೋಡೆಯ ಬುಡದಲ್ಲಿರುವ ನೀರು ಹೋಗುವ ತೂತು ಕಟ್ಟಿದೆ ಎಂದರ್ಥ. ಕೊತ್ತಂಬರಿ ಎಸಳು, ಕಾಯಿತುರಿ, ಮೀನಿನ ಹುರುಪೆ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಸೂಜಿ ತೆಗೆದ ಸಿರಿಂಜಿನಿಂದ ಉಗುರುಬೆಚ್ಚಗಿನ ನೀರು ನೂಕಿದರೆ ತೆರೆದುಕೊಳ್ಳುತ್ತದೆ. ಆ ನೀರು ಇಳಿಯುವ ಹಿಂಬದಿಯ ತಟ್ಟೆಯನ್ನೂ ಆಗಲೇ ತೊಳೆಯಬೇಕು. ಎಷ್ಟು ಒರೆಸಿದರೂ ಹೋಗದ ವಾಸನೆಯ ಮೂಲ ಬಹಳ ಸಲ ಈ ತಟ್ಟೆ. ಸದ್ದಿನ ದೂರುಗಳಿಗೆ ಕಾಲುಗಳನ್ನು ತಿರುಗಿಸಿ ಮಟ್ಟ ಮಾಡುವುದು, ಒಂದಕ್ಕೊಂದು ತಾಗುವ ಕೊಳವೆಗಳನ್ನು ಮೆಲ್ಲಗೆ ಬೇರ್ಪಡಿಸುವುದು ಸಾಕು. ಗುಳುಗುಳು ಸದ್ದು ಗ್ಯಾಸ್ ಹರಿಯುವ ಸದ್ದು, ಅದು ಇರಲೇಬೇಕು.

ಮೇಲೆ ಐಸ್, ಕೆಳಗೆ ಸೆಖೆ

ಐಸನ್ನು ತಾನೇ ಕರಗಿಸಿಕೊಳ್ಳುವ ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಫ್ರೀಜರ್ ತಣ್ಣಗಿದ್ದು, ಕೆಳಗೆ ಮಜ್ಜಿಗೆ ಹುಳಿಯಾಗುತ್ತಿದ್ದರೆ ಗ್ಯಾಸಿನ ಮಾತನ್ನು ಆಡಲೇಬಾರದು. ಇಲ್ಲಿ ತಂಪು ಹುಟ್ಟುವುದು ಫ್ರೀಜರಿನ ಹಿಂಗೋಡೆಯ ಮರೆಯಲ್ಲಿ. ಒಂದು ಫ್ಯಾನು ಅದನ್ನು ಕೆಳಗೆ ನೂಕುತ್ತದೆ. ನೂಕುವ ದಾರಿ ಕಟ್ಟಿದರೆ ಕೆಳಭಾಗ ಬಿಸಿಯಾಗುತ್ತದೆ. ಮೊದಲು ಒಳಗಿನ ಗಾಳಿಕಿಂಡಿಗಳಿಗೆ ಅಡ್ಡವಾಗಿ ಮೀನಿನ ಚೀಲವನ್ನೋ ಹಲಸಿನ ರಸದ ಡಬ್ಬಿಯನ್ನೋ ಇಟ್ಟಿದ್ದಾರೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಮರೆಯ ಹಿಂದೆ ಐಸ್ ಕಟ್ಟಿರಬೇಕು. ಎಲ್ಲವನ್ನೂ ಖಾಲಿ ಮಾಡಿ, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು ಒಂದು ದಿನ ಪೂರ್ತಿ ಬಿಟ್ಟು ಮತ್ತೆ ಹಾಕಬೇಕು. ಐದಾರು ದಿನ ಚೆನ್ನಾಗಿ ನಡೆದು ಮತ್ತೆ ಕೆಳಭಾಗ ಬಿಸಿಯಾದರೆ ಐಸ್ ಕರಗಿಸುವ ಏರ್ಪಾಡು ಕೆಟ್ಟಿದೆ ಎಂಬುದು ಖಚಿತ. ಒಂದು ರೂಪಾಯಿಯೂ ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಏಕೆಂದರೆ ಒಂದು ದಿನ ಕಾಯಬೇಕು.

ಆ ಏರ್ಪಾಡಿನಲ್ಲಿ ಹೀಟರ್, ಹೆಚ್ಚು ಬಿಸಿಯಾದರೆ ಕಡಿಯುವ ಥರ್ಮಲ್ ಫ್ಯೂಸ್, ಐಸ್ ಇದೆಯೇ ಎಂದು ತಿಳಿಯುವ ಬೈಮೆಟಲ್ ಅಥವಾ ಸೆನ್ಸರ್, ಹೊತ್ತು ಲೆಕ್ಕ ಹಾಕುವ ಟೈಮರ್ ಅಥವಾ ಬೋರ್ಡು ಇರುತ್ತವೆ. 150 ವಾಟಿನ ಹೀಟರಾದರೆ ಸುಮಾರು 350 ಓಮ್ ತೋರಿಸಬೇಕು. ಬೇರೆ ವಾಟಿನದ್ದಾದರೆ 230ರ ವರ್ಗವನ್ನು ವಾಟಿನಿಂದ ಭಾಗಿಸಿ ಲೆಕ್ಕ ಮಾಡಿಕೊಳ್ಳಬಹುದು. ಫ್ಯೂಸ್ ಸೊನ್ನೆ ಓಮ್ ತೋರಿಸಬೇಕು. ಬೈಮೆಟಲ್ ಕೋಣೆಯ ಶಾಖದಲ್ಲಿ ತೆರೆದೇ ಇರುತ್ತದೆ. ಅದನ್ನು ಹೊರಗೆ ಹಿಡಿದು ಅಳೆದು ಕೆಟ್ಟಿದೆ ಎಂದು ಬಿಸಾಡಿದವರಿದ್ದಾರೆ. ತಣ್ಣನೆಯ ಫ್ರೀಜರಿನಲ್ಲಿ ಅರ್ಧ ಗಂಟೆ ಇಟ್ಟು ಅಳೆಯಬೇಕು. ಫ್ಯೂಸ್ ಹೋಗಿದ್ದರೆ ಅದನ್ನು ತಂತಿಯಿಂದ ಸೇರಿಸಿ ಬಿಡುವುದು ಬೆಂಕಿಗೆ ದಾರಿ.

ಘಟ್ಟದ ಮೇಲಿನವರಿಗೆ ಒಂದು ಮಾತು. ಫ್ರಿಜ್ಜಿನ ಚೀಟಿಯ ಮೇಲೆ ‘ಟಿ’ ಎಂಬ ಹವಾಮಾನ ವರ್ಗ ಬರೆದಿದ್ದರೆ ಅದು 16ರಿಂದ 43 ಡಿಗ್ರಿಯ ಕೋಣೆಗಾಗಿ ಮಾಡಿದ್ದು. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಮಣ್ಣುಗೋಡೆಯ ಅಡುಗೆಮನೆ ಆ ಕೆಳ ಅಂಚಿಗೆ ಬಂದಾಗ, ಕೆಳಭಾಗ ತಾನಾಗಿಯೇ ತಂಪಾಗಿರುವುದರಿಂದ ಥರ್ಮೋಸ್ಟಾಟ್ ಕಂಪ್ರೆಸರನ್ನು ಎಬ್ಬಿಸುವುದೇ ಕಡಿಮೆ. ಆಗ ಫ್ರೀಜರಿನ ಐಸ್ ಮೆತ್ತಗಾಗುತ್ತದೆ. ಬಿಸಿಲೇರಿದ ಮೇಲೆ ಸರಿಹೋದರೆ ಅದಕ್ಕೆ ರಿಪೇರಿ ಬೇಕಿಲ್ಲ.

ಕೊನೆಗೆ ಗ್ಯಾಸ್

ಕಂಪ್ರೆಸರ್ ನಿಲ್ಲದೆ ಓಡುತ್ತಿದೆ, ಮುಟ್ಟಿದರೆ ಬಿಸಿಯಾಗಿದೆ, ಆದರೆ ಕಂಡೆನ್ಸರ್ ಮಾತ್ರ ಬೆಚ್ಚಗಾಗಿಲ್ಲ, ಫ್ರೀಜರಿನ ತಗಡಿನಲ್ಲಿ ಗ್ಯಾಸ್ ಒಳಬರುವ ಒಂದು ತುದಿಗೆ ಮಾತ್ರ ಹಿಮ ಕೂತು ಉಳಿದದ್ದು ಬರಿದಾಗಿದೆ ಎಂದಾದರೆ ಗ್ಯಾಸ್ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ಕೆಲವು ಗಂಟೆ ತಂಪಾಗಿ, ಆಮೇಲೆ ನಿಂತು, ಆರಿಸಿಟ್ಟರೆ ಮತ್ತೆ ಕೆಲವು ಗಂಟೆ ತಂಪಾಗುತ್ತದೆ ಎಂದಾದರೆ ಒಳಗೆ ನೀರಿನಂಶ ಸೇರಿ ಸಣ್ಣ ಕ್ಯಾಪಿಲರಿ ಕೊಳವೆಯ ಬಾಯಲ್ಲಿ ಹೆಪ್ಪುಗಟ್ಟುತ್ತಿದೆ.

ತೂತು ಬೀಳುವ ಜಾಗಗಳು ಬಹುಮಟ್ಟಿಗೆ ಗೊತ್ತಿರುವಂಥವೇ. ಒಂದು ಬಾಗಿಲಿನ ಫ್ರಿಜ್ಜಿನಲ್ಲಿ ಐಸ್ ಕೆರೆಯಲು ಬಳಸಿದ ಚಾಕು. ಅಲ್ಯೂಮಿನಿಯಂ ತಗಡಿನೊಳಗೇ ಗ್ಯಾಸಿನ ದಾರಿ ಇರುವುದರಿಂದ ಒಂದು ಚುಚ್ಚು ಸಾಕು. ಇನ್ನೊಂದು, ತಾಮ್ರವೂ ಅಲ್ಯೂಮಿನಿಯಮ್ಮೂ ಕೂಡುವ ಬೆಸುಗೆ. ಉಪ್ಪಿನ ತೇವ ಕೂತಾಗ ಈ ಎರಡು ಲೋಹಗಳ ನಡುವೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಮೂರನೆಯದು ಕಬ್ಬಿಣದ ಕಂಡೆನ್ಸರ್, ಅದರಲ್ಲೂ ನೀರಿನ ತಟ್ಟೆಯ ಹತ್ತಿರದ ಬಾಗು. ಸೋರುವ ಕಡೆ ಎಣ್ಣೆಯ ಕಲೆ ಇರುತ್ತದೆ. ಟಾರ್ಚು ಹಾಕಿ ಮೊದಲು ಅದನ್ನೇ ಹುಡುಕಬೇಕು, ಆಮೇಲೆ ಸಾಬೂನಿನ ನೊರೆ.

ನೊರೆ ಹಚ್ಚುವುದಕ್ಕೂ ಒಂದು ಹೊತ್ತಿದೆ. ಈಗಿನ ಹೆಚ್ಚಿನ ಫ್ರಿಜ್ಜುಗಳಲ್ಲಿರುವ ಆರ್-600ಎ, ಅಂದರೆ ಐಸೊಬ್ಯೂಟೇನ್, ಮೈನಸ್ 11.7 ಡಿಗ್ರಿಯಲ್ಲಿ ಕುದಿಯುವ ಅನಿಲ. ಫ್ರೀಜರ್ ಅದಕ್ಕಿಂತ ತಂಪಾಗಿರುವಾಗ ಆ ಬದಿಯ ಕೊಳವೆಯೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ. ಹಾಗಾಗಿ ಫ್ರಿಜ್ ಓಡುವಾಗ ಅಲ್ಲಿನ ತೂತು ಗ್ಯಾಸನ್ನು ಹೊರಗೆ ಬಿಡುವುದಿಲ್ಲ, ನಮ್ಮ ತೇವದ ಗಾಳಿಯನ್ನು ಒಳಗೆ ಎಳೆಯುತ್ತದೆ. ಕರಾವಳಿಯಲ್ಲಿ ಸೋರಿಕೆಯೂ ಕ್ಯಾಪಿಲರಿ ಕಟ್ಟುವುದೂ ಜೊತೆಯಾಗಿ ಕಾಣುವುದಕ್ಕೆ ಇದೊಂದು ಕಾರಣ. ಫ್ರೀಜರಿನ ಬದಿಗೆ ನೊರೆ ಹಚ್ಚುವಾಗ ಕಂಪ್ರೆಸರ್ ನಿಂತು ಎಲ್ಲ ಬೆಚ್ಚಗಾಗಿರಬೇಕು. ಕಂಡೆನ್ಸರ್ ಬದಿಯನ್ನು ಓಡುವಾಗಲೇ ನೋಡಬೇಕು.

ಇಲ್ಲಿಂದ ಮುಂದಿನ ಕೆಲಸ ಮನೆಯವರದ್ದಲ್ಲ. ಆರ್-600ಎ ಬೆಂಕಿ ಹಿಡಿಯುವ ಅನಿಲ. ಗಾಳಿಗಿಂತ ಎರಡು ಪಟ್ಟು ಭಾರವಿರುವುದರಿಂದ ನೆಲದ ಮೇಲೆ ನಿಲ್ಲುತ್ತದೆ, ಗಾಳಿಯಲ್ಲಿ ಶೇಕಡ 1.8ರಷ್ಟು ಸೇರಿದರೂ ಹೊತ್ತಿಕೊಳ್ಳಬಲ್ಲದು. ಒಲೆ ಉರಿಯುವ ಅಥವಾ ದೇವರ ದೀಪವಿರುವ ಕೋಣೆಯಲ್ಲಿ ಆ ಕೊಳವೆ ಕತ್ತರಿಸಕೂಡದು. ಕಿಟಕಿ ಬಾಗಿಲು ತೆರೆದ ಜಗುಲಿಗೆ ಫ್ರಿಜ್ಜನ್ನು ತರಿಸಬೇಕು. ಕೆಲಸಕ್ಕೆ ಬಂದವರು ಸೋರಿದ ಜಾಗವನ್ನು ತೋರಿಸಿ ಮುಚ್ಚಿದರೇ, ಡ್ರೈಯರ್ ಎಂಬ ಫಿಲ್ಟರನ್ನು ಹೊಸದು ಹಾಕಿದರೇ, ವ್ಯಾಕ್ಯೂಮ್ ಪಂಪು ಹಚ್ಚಿ ಅರ್ಧ ಗಂಟೆಗಾದರೂ ತೇವ ತೆಗೆದರೇ, ಚೀಟಿಯಲ್ಲಿ ಬರೆದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಿದರೇ ಎಂಬ ನಾಲ್ಕನ್ನೂ ನಿಂತು ನೋಡಬೇಕು. ಆರ್-600ಎ ಬೇಕಾಗುವುದೇ ಬಹುಪಾಲು 30ರಿಂದ 60 ಗ್ರಾಂ. ಅಂದಾಜಿನಲ್ಲಿ ಹತ್ತು ಗ್ರಾಂ ಹೆಚ್ಚು ಕಡಿಮೆಯಾದರೂ ಕೂಲಿಂಗ್ ಕೆಡುತ್ತದೆ. ಪಕ್ಕದ ಗೋಡೆಯೊಳಗಿನ ಕಂಡೆನ್ಸರೇ ಸೋರುತ್ತಿದ್ದರೆ ಗೋಡೆ ಒಡೆಯಲಾಗದು. ಹೊರಗೆ ಜಾಲರಿಯ ಹೊಸ ಕಂಡೆನ್ಸರ್ ಕಟ್ಟಿಸಿಕೊಂಡು, ಅದಕ್ಕೆ ತುಕ್ಕು ತಡೆಯುವ ಬಣ್ಣ ಬಳಿಸಬಹುದು. ಬೋಳು ಬೆಸುಗೆಗಳಿಗೂ ಅದೇ ಬಣ್ಣ ತಾಗಲಿ.

ಕೆಲಸ ಮುಗಿದ ದಿನವೇ ಪೂರ್ತಿ ಹಣ ಕೊಡುವ ಅವಸರ ಬೇಡ. ಒಂದು ದಿನ ಓಡಿಸಿ, ಫ್ರೀಜರಿನ ತಗಡು ಕಣ್ಣಿಗೆ ಕಾಣುವ ಮಾದರಿಯಾದರೆ ಅದಕ್ಕೆಲ್ಲ ಹಿಮ ಸಮವಾಗಿ ಕೂತಿದೆಯೇ ಎಂದು ನೋಡಿ, ನಡುವಿನ ತಟ್ಟೆಯ ಮೇಲೆ ಮತ್ತೆ ಆ ನೀರಿನ ಲೋಟವನ್ನಿಟ್ಟು, ಥರ್ಮಾಮೀಟರ್ 5ರ ಕೆಳಗಿಳಿದ ಮೇಲೆ ಬಾಕಿ ಚುಕ್ತಾ ಮಾಡಿದರೆ ಸಾಕು.